ರೌಟರಿನ ಬಾಗಿಲು ತೆರೆಯುವ ಮೊದಲು ಒಂದು ಕೇಬಲ್ ಸಾಕು

ಸಂಪಾದಕರಿಗೆ,

ಮಾನ್ಯರೇ,

ಸಣ್ಣ ಎಂಬೆಡೆಡ್ ಬೋರ್ಡೊಂದಕ್ಕೆ (ಒಂದೇ ಹಲಗೆಯ ಮೇಲಿನ ಪುಟ್ಟ ಕಂಪ್ಯೂಟರಿಗೆ) ಸಂವೇದಕ ಜೋಡಿಸಿ, ಅದು ಅಳೆದ ಉಷ್ಣಾಂಶ ಮತ್ತು ತೇವಾಂಶಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಿಕೊಳ್ಳುವ ಬಗೆಯನ್ನು ವಿವರಿಸಿ ತಮ್ಮ ತಂತ್ರಜ್ಞಾನ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ನಾನು ಎರಡು ಬಾರಿ ಓದಿದೆ. ಮೊದಲ ಬಾರಿ ಓದಿದ್ದು ಸಂತೋಷದಿಂದ. ಇಂಥ ವಿಷಯವನ್ನು ಕನ್ನಡದಲ್ಲಿ, ಅದೂ ಯಾವ ತಂತಿ ಯಾವ ಪಿನ್ನಿಗೆ ಎಂಬಷ್ಟು ವಿವರವಾಗಿ ಬರೆಯುವವರು ಹೆಚ್ಚಿಲ್ಲ. ಎರಡನೆಯ ಬಾರಿ ಓದಿದ್ದು ಆತಂಕದಿಂದ. ಸಂವೇದಕದ ಜೋಡಣೆಗೆ ಅರ್ಧ ಪುಟ ಕೊಟ್ಟ ಲೇಖಕರು, ಬೋರ್ಡು ಮತ್ತು ಕಂಪ್ಯೂಟರ್ ಒಂದನ್ನೊಂದು ಮಾತನಾಡಿಸುವ ಭಾಗವನ್ನು ಮಾತ್ರ ಎರಡೇ ವಾಕ್ಯಗಳಲ್ಲಿ ಮುಗಿಸಿದ್ದಾರೆ: ಬೋರ್ಡನ್ನು ವೈಫೈಗೆ ಸೇರಿಸಬೇಕು, ಆಮೇಲೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಗಳನ್ನು ಒಳಗಿನ ಸಾಧನಕ್ಕೆ ದಾಟಿಸುವ ಏರ್ಪಾಡು) ಮಾಡಿಕೊಂಡರೆ ಎಲ್ಲಿಂದ ಬೇಕಾದರೂ ಅದನ್ನು ತಲುಪಬಹುದು. ಈ ಎರಡು ವಾಕ್ಯಗಳ ಪೈಕಿ ಮೊದಲನೆಯದು ಹೊಸಬರನ್ನು ಗೊಂದಲಕ್ಕೆ ನೂಕುತ್ತದೆ, ಎರಡನೆಯದು ಅಪಾಯಕ್ಕೆ ನೂಕುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂಥ ಬೋರ್ಡುಗಳಿಗೆ ತಂತ್ರಾಂಶ ಬರೆಯುವುದು ಮತ್ತು ಕಲಿಯುವವರಿಗೆ ಹೇಳಿಕೊಡುವುದು ಹಲವು ವರ್ಷಗಳಿಂದ ನನ್ನ ಕೆಲಸವಾಗಿದೆ. ಆ ಅನುಭವದಿಂದ ನಾನು ಹೇಳಬಯಸುವುದು ಇಷ್ಟು: ಬೋರ್ಡು ಮತ್ತು ಕಂಪ್ಯೂಟರ್ ಎರಡೇ ಇರುವ, ಬೇರೆ ಯಾವುದಕ್ಕೂ ತಗಲದ ಒಂದು ಪುಟ್ಟ ಖಾಸಗಿ ಜಾಲದಿಂದ ಕಲಿಕೆ ಆರಂಭವಾಗಬೇಕು, ಮುಂದೆ ದೂರದಿಂದ ತಲುಪುವ ಅಗತ್ಯ ಬಿದ್ದರೆ ಆ ಖಾಸಗಿ ಜಾಲವನ್ನೇ ಅಲ್ಲಿಯವರೆಗೆ ಚಾಚಬೇಕೇ ಹೊರತು, ಸಾಧನವನ್ನು ಬೀದಿಗೆ ತಂದು ನಿಲ್ಲಿಸಬಾರದು.

ಖಾಸಗಿ ಜಾಲವೆಂದರೆ ಏನೋ ದೊಡ್ಡ ಸಂಸ್ಥೆಗಳ ಏರ್ಪಾಡು ಎಂಬ ಭಾವನೆ ಹಲವರಲ್ಲಿದೆ. ಹಾಗೇನೂ ಇಲ್ಲ. ಜಾಲದ ಪ್ರತಿ ಯಂತ್ರಕ್ಕೂ ಚುಕ್ಕೆಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳ ಐಪಿ ವಿಳಾಸವೊಂದಿರುತ್ತದೆ. ಅಂತರ್ಜಾಲದ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ 1996ರ ಫೆಬ್ರುವರಿಯಲ್ಲಿ ಹೊರಬಂದ ಆರ್‌ಎಫ್‌ಸಿ 1918 ಎಂಬ ದಾಖಲೆಯು ಮೂರು ವಿಳಾಸ ಸಮೂಹಗಳನ್ನು ಖಾಸಗಿ ಬಳಕೆಗೆಂದು ಬದಿಗಿರಿಸಿದೆ. 10 ಎಂಬುದೇ ಮೊದಲ ಸಂಖ್ಯೆಯಾಗಿರುವ ಎಲ್ಲ ವಿಳಾಸಗಳು ಮೊದಲನೆಯ ಸಮೂಹ, 172.16ರಿಂದ 172.31ರವರೆಗಿನವು ಎರಡನೆಯದು, 192.168ರಿಂದ ಆರಂಭವಾಗುವವು ಮೂರನೆಯದು. ಕೊನೆಯದು ಮೂರರಲ್ಲಿ ಚಿಕ್ಕದು, ಆದರೂ ಅದರಲ್ಲಿ 65,536 ವಿಳಾಸಗಳಿವೆ. ಇವುಗಳನ್ನು ಬಳಸಲು ಯಾರ ಅನುಮತಿಯೂ ಬೇಡ, ನೋಂದಣಿಯೂ ಬೇಡ. ಇದೇ ವಿಳಾಸಗಳನ್ನು ಲೋಕದ ಲಕ್ಷಾಂತರ ಮನೆಗಳು ಏಕಕಾಲದಲ್ಲಿ ಬಳಸುತ್ತಿದ್ದರೂ ತೊಂದರೆಯಾಗದಿರಲು ಕಾರಣ, ಸಾರ್ವಜನಿಕ ಅಂತರ್ಜಾಲದಲ್ಲಿ ಈ ವಿಳಾಸಗಳಿಗೆ ದಾರಿಯೇ ಇಲ್ಲದಿರುವುದು.

ಕೆಲಸ ಹೀಗೆ ನಡೆಯುತ್ತದೆ. ಒಂದು ಈಥರ್ನೆಟ್ ಕೇಬಲಿನ ಒಂದು ತುದಿಯನ್ನು ಬೋರ್ಡಿಗೆ, ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಸಿಕ್ಕಿಸಬೇಕು. ನಡುವೆ ರೌಟರೂ ಬೇಡ, ಸ್ವಿಚ್ಚೂ ಬೇಡ. ಹಳೆಯ ಕಾಲದಲ್ಲಿ ಇದಕ್ಕೆ ಕ್ರಾಸ್‌ಓವರ್ ಕೇಬಲ್ ಎಂಬ ಬೇರೆಯದೇ ಕೇಬಲ್ ಬೇಕಾಗುತ್ತಿತ್ತು, ಏಕೆಂದರೆ 1 ಮತ್ತು 2ನೆಯ ತಂತಿಗಳಲ್ಲಿ ಕಳಿಸುವವನ ಮಾತು 3 ಮತ್ತು 6ನೆಯ ತಂತಿಗಳಲ್ಲಿ ಕೇಳುವವನನ್ನು ತಲುಪಬೇಕಿತ್ತು. ಈಗಿನ ಬಹುತೇಕ ಕಂಪ್ಯೂಟರುಗಳು ಇದನ್ನು ತಾವೇ ಅರಿತು ಬದಲಿಸಿಕೊಳ್ಳುವುದರಿಂದ ಸಾಮಾನ್ಯ ಕೇಬಲ್ ಸಾಕು. ಕೇಬಲ್ ಸಿಕ್ಕಿಸುವ ಕಿಂಡಿಯ ಪಕ್ಕದ ಪುಟ್ಟ ದೀಪ ಹೊತ್ತಿಕೊಳ್ಳದಿದ್ದರೆ ವಿಳಾಸಗಳ ಗೋಜಿಗೆ ಹೋಗುವುದೇ ವ್ಯರ್ಥ. ಮೊದಲು ಕೇಬಲನ್ನು ಬದಲಿಸಿ ನೋಡಬೇಕು. ದೀಪ ಹೊತ್ತಿಕೊಂಡ ಮೇಲೆ ಕಂಪ್ಯೂಟರಿನ ಆ ಕಿಂಡಿಗೆ 192.168.50.1 ಎಂದೂ ಬೋರ್ಡಿಗೆ 192.168.50.2 ಎಂದೂ ವಿಳಾಸ ಕೊಟ್ಟು, ಎರಡರಲ್ಲೂ ಸಬ್‌ನೆಟ್ ಮಾಸ್ಕನ್ನು 255.255.255.0 ಎಂದು ನಮೂದಿಸಬೇಕು.

ಈ ಮಾಸ್ಕ್ ಎಂಬುದನ್ನು ಹೆಚ್ಚಿನವರು ಮಂತ್ರದಂತೆ ಬರೆದುಬಿಡುತ್ತಾರೆ, ಅರ್ಥ ಕೇಳುವುದಿಲ್ಲ. ವಿಳಾಸದ ಮೊದಲ ಮೂರು ಅಂಕಿಗಳು ಓಣಿಯ ಹೆಸರು, ಕೊನೆಯ ಅಂಕಿ ಮಾತ್ರ ಮನೆಯ ಸಂಖ್ಯೆ ಎಂದು ಅದು ಯಂತ್ರಕ್ಕೆ ತಿಳಿಸುತ್ತದೆ. ತಾನು ತಲುಪಬೇಕಾದ ವಿಳಾಸ ತನ್ನದೇ ಓಣಿಯದಾದರೆ ಯಂತ್ರವು ಕೇಬಲಿನ ಮೇಲೆ ನೇರವಾಗಿ ಕೂಗಿ ಕರೆಯುತ್ತದೆ. ಬೇರೆ ಓಣಿಯದಾದರೆ, ಹೊರಗಿನ ಜಾಲಗಳಿಗೆ ದಾಟಿಸುವ ಯಂತ್ರವಾದ ಗೇಟ್‌ವೇಯ ಕೈಗೆ ಒಪ್ಪಿಸುತ್ತದೆ. ನಮ್ಮ ಎರಡೇ ಮನೆಗಳ ಓಣಿಯಲ್ಲಿ ಹೊರಗೆ ಹೋಗುವ ದಾರಿಯೇ ಇಲ್ಲವಾದ್ದರಿಂದ ಗೇಟ್‌ವೇಯ ಜಾಗವನ್ನು ಖಾಲಿ ಬಿಡಬೇಕು. ಅಲ್ಲಿ ಏನಾದರೂ ತುಂಬಲೇಬೇಕೆಂಬ ಚಪಲಕ್ಕೆ ಬೋರ್ಡಿನ ವಿಳಾಸವನ್ನೇ ತುಂಬಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದಾಗ ಕಂಪ್ಯೂಟರಿಗೆ ಎರಡು ಗೇಟ್‌ವೇಗಳಾಗಿ, ಅದು ಅಂತರ್ಜಾಲಕ್ಕೆ ಹೋಗಬೇಕಾದ ಮಾತುಗಳನ್ನೂ ಬೋರ್ಡಿನತ್ತ ಕಳಿಸತೊಡಗುವ ಸಂಭವವಿದೆ. ಬೋರ್ಡು ಸಿಕ್ಕಿಸಿದೊಡನೆ ಇಂಟರ್ನೆಟ್ ಸತ್ತುಹೋಯಿತು ಎಂಬ ದೂರಿನ ಮೂಲ ಬಹಳ ಸಲ ಇದೇ ಆಗಿರುತ್ತದೆ.

ಇಲ್ಲಿ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ಲೇಖಕರು ಸಬ್‌ನೆಟ್ ಮಾಸ್ಕನ್ನು ‘ಉಪಜಾಲ ಮುಖವಾಡ’ ಎಂದೂ ಗೇಟ್‌ವೇಯನ್ನು ‘ಹೆಬ್ಬಾಗಿಲು’ ಎಂದೂ ಅನುವಾದಿಸಿದ್ದಾರೆ. ಅವರ ಭಾಷಾಭಿಮಾನವನ್ನು ಗೌರವಿಸುತ್ತೇನೆ. ಆದರೆ ಪರದೆಯ ಮುಂದೆ ಕುಳಿತ ಹುಡುಗನಿಗೆ ಅಲ್ಲಿ ಮುಖವಾಡವೂ ಕಾಣುವುದಿಲ್ಲ, ಹೆಬ್ಬಾಗಿಲೂ ಕಾಣುವುದಿಲ್ಲ. ಹೆಸರನ್ನು ಇದ್ದಂತೆಯೇ ಬಿಟ್ಟು ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅವನಿಗೆ ಹೆಚ್ಚು ಉಪಕಾರವಾಗುತ್ತದೆ.

ಮನೆಯ ವೈಫೈಯಲ್ಲೇ ಬೋರ್ಡೂ ಇರಲಿ, ಬೇರೆ ಓಣಿ ಏಕೆ ಎಂದು ಕೇಳುವವರಿಗೆ ನನ್ನದೇ ಒಂದು ಅನುಭವವನ್ನು ಹೇಳಬೇಕು. ಬಹಳ ಹಿಂದೆ ಹೊಸ ಬೋರ್ಡೊಂದಕ್ಕೆ 192.168.1.20 ಎಂಬ ವಿಳಾಸ ಕೊಟ್ಟು ಕೇಬಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿದ್ದೆ. ಪಿಂಗ್ ಮಾಡಿದೆ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಎಂದು ಕೂಗಿ ನೋಡಿದೆ, ತಕ್ಷಣ ಉತ್ತರ ಬಂತು. ಲಾಗಿನ್ ಆಗಲು ಹೋದರೆ ಪಾಸ್‌ವರ್ಡ್ ಒಪ್ಪುತ್ತಿಲ್ಲ. ಪಾಸ್‌ವರ್ಡ್ ಬದಲಿಸಿದೆ, ಮೆಮೊರಿ ಕಾರ್ಡನ್ನು ಮತ್ತೆ ಬರೆದೆ, ಕೀಲಿಮಣೆಯ ವಿನ್ಯಾಸವನ್ನೇ ಅನುಮಾನಿಸಿದೆ. ಅರ್ಧ ದಿನ ಹೋಯಿತು. ಕೊನೆಗೆ ಬೇಸತ್ತು ಬೋರ್ಡಿನ ಕೇಬಲ್ ಕಿತ್ತು ಮೇಜಿನ ಮೇಲಿಟ್ಟೆ. ಪರದೆಯಲ್ಲಿ ಪಿಂಗಿನ ಉತ್ತರಗಳು ಒಂದೂ ತಪ್ಪದೆ ಬರುತ್ತಲೇ ಇದ್ದವು! ನನ್ನ ವೈಫೈ ಜಾಲವೂ 192.168.1 ಎಂಬ ಓಣಿಯದೇ ಆಗಿತ್ತು; ಅಲ್ಲಿ ಅದೇ 20ನೆಯ ವಿಳಾಸದಲ್ಲಿ ಪ್ರಿಂಟರೊಂದು ಕುಳಿತಿತ್ತು. ಒಂದೇ ಹೆಸರಿನ ಎರಡು ಓಣಿಗಳ ನಡುವೆ ಕಂಪ್ಯೂಟರು ವೈಫೈಯನ್ನೇ ಆಯ್ದುಕೊಂಡಿತ್ತು, ನಾನು ಬೆಳಗಿನಿಂದ ಪ್ರಿಂಟರಿನ ಬಾಗಿಲು ತಟ್ಟುತ್ತಿದ್ದೆ.

ಅಂದಿನಿಂದ ಎರಡು ಅಭ್ಯಾಸಗಳನ್ನು ಮಾಡಿಕೊಂಡಿದ್ದೇನೆ, ಕಲಿಯುವವರಿಗೂ ಹೇಳುತ್ತೇನೆ. ಬೋರ್ಡಿನ ಓಣಿಗೆ ಮನೆಯ ರೌಟರುಗಳು ಸಾಮಾನ್ಯವಾಗಿ ಬಳಸುವ 192.168.0 ಮತ್ತು 192.168.1 ಎಂಬವುಗಳನ್ನು ಎಂದಿಗೂ ಇಡುವುದಿಲ್ಲ. ಪಿಂಗಿಗೆ ಉತ್ತರ ಬಂದಾಗ ಕೇಬಲ್ ಕಿತ್ತು, ಉತ್ತರ ನಿಲ್ಲುವುದೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ಇನ್ನೂ ಖಚಿತವಾಗಬೇಕೆಂದರೆ ಕಂಪ್ಯೂಟರಿನ ಎಆರ್‌ಪಿ ಪಟ್ಟಿಯನ್ನು ತೆರೆದು, ಆ ಐಪಿ ವಿಳಾಸದ ಎದುರಿಗಿರುವ ಮ್ಯಾಕ್ ವಿಳಾಸವೂ ಬೋರ್ಡಿನ ಮೇಲೆ ಅಂಟಿಸಿರುವ ಚೀಟಿಯ ವಿಳಾಸವೂ ಒಂದೇ ಹೌದೇ ಎಂದು ಹೋಲಿಸಬಹುದು. ಐಪಿ ವಿಳಾಸ ನಾವು ಕೊಟ್ಟದ್ದು. ಮ್ಯಾಕ್ ವಿಳಾಸವಾದರೋ ಸಾಮಾನ್ಯವಾಗಿ ತಯಾರಕರು ಯಂತ್ರಕ್ಕೆ ಕೊಟ್ಟು ಕಳಿಸಿದ 48 ಬಿಟ್‌ಗಳ ಗುರುತು.

ವಿಳಾಸವನ್ನು ಕೈಯಿಂದ ಕೊಡದೆ ಎರಡೂ ಕಡೆ ‘ತಾನಾಗಿ ಪಡೆಯಲಿ’ ಎಂದು ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಏಳುತ್ತದೆ. ವಿಳಾಸ ಹಂಚುವ ರೌಟರ್ ನಡುವೆ ಇಲ್ಲದಿರುವುದರಿಂದ ಕಂಪ್ಯೂಟರು ಸ್ವಲ್ಪ ಹೊತ್ತು ಕಾದು, 169.254ರಿಂದ ಆರಂಭವಾಗುವ ವಿಳಾಸವೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಈ ಅಂಕಿಗಳನ್ನು ಕಂಡೊಡನೆ ಏನೋ ಕೆಟ್ಟಿತೆಂದು ಭಾವಿಸುವವರಿದ್ದಾರೆ. ಕೆಟ್ಟಿರುವುದೇನೂ ಇಲ್ಲ, ಹಂಚುವವರು ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಬೋರ್ಡೂ ಹಾಗೆಯೇ ಮಾಡಿದರೆ ಎರಡೂ ಮಾತನಾಡಬಲ್ಲವು. ಆದರೆ ಹಲವು ಸಣ್ಣ ಬೋರ್ಡುಗಳಲ್ಲಿ ಈ ಸೌಕರ್ಯವಿರುವುದಿಲ್ಲ. ಅವು ವಿಳಾಸವಿಲ್ಲದೆ ಸುಮ್ಮನೆ ಕಾಯುತ್ತಿರುತ್ತವೆ. ಆದ್ದರಿಂದ ಕೈಯಿಂದ ಕೊಟ್ಟ ವಿಳಾಸವೇ ಮೇಲು.

ಈಥರ್ನೆಟ್ ಕಿಂಡಿಯೇ ಇಲ್ಲದ ಬೋರ್ಡುಗಳ ಮಾತೇನು ಎಂದರೆ, ಅವುಗಳ ಪೈಕಿ ಕೆಲವು ಯುಎಸ್‌ಬಿ ಕೇಬಲಿನ ಮೇಲೆಯೇ ಜಾಲದ ವೇಷ ಹಾಕಬಲ್ಲವು. ಈಥರ್ನೆಟ್ ಇದ್ದೂ ಈ ಅನುಕೂಲವನ್ನು ಕೊಡುವ ಬೀಗಲ್‌ಬೋನ್ ಬೋರ್ಡು, ಯುಎಸ್‌ಬಿಗೆ ಸಿಕ್ಕಿಸಿದಾಗ ತಾನು 192.168.7.2 ಆಗಿ ಕಂಪ್ಯೂಟರನ್ನು 192.168.7.1 ಆಗಿಸುತ್ತದೆ. ತತ್ತ್ವ ಅದೇ, ಎರಡು ಮನೆಗಳ ಓಣಿ.

ಇನ್ನು, ಲೇಖನದಲ್ಲಿ ಹೆಸರೂ ಕಾಣದ ಸೀರಿಯಲ್ ಕನ್ಸೋಲ್, ಅಂದರೆ ಜಾಲದ ಹಂಗಿಲ್ಲದೆ ತಂತಿಗಳ ಮೂಲಕವೇ ಬೋರ್ಡಿನೊಡನೆ ಅಕ್ಷರಗಳಲ್ಲಿ ಮಾತನಾಡುವ ದಾರಿ. ಜಾಲವನ್ನು ಸರಿಪಡಿಸಲು ಜಾಲದ ಮೂಲಕವೇ ಹೋಗಬೇಕಾದ ಪರಿಸ್ಥಿತಿ ಬಂದವರಿಗೆ ಮಾತ್ರ ಇದರ ಬೆಲೆ ಗೊತ್ತು. ಬೋರ್ಡಿನ ವಿಳಾಸವನ್ನು ತಪ್ಪಾಗಿ ಬರೆದು ಮರುಚಾಲನೆ ಮಾಡಿದರೆ ಒಳಗೆ ಹೋಗುವ ದಾರಿ ಮುಚ್ಚಿಹೋಗುತ್ತದೆ. ಆಗ ಕೈಹಿಡಿಯುವುದು ಮೂರು ತಂತಿಗಳ ಈ ಹಳೆಯ ವಿಧಾನವೇ: ಬೋರ್ಡು ಕಳಿಸುವ ಪಿನ್ ಕಂಪ್ಯೂಟರಿನ ಕಡೆಯ ಕೇಳುವ ಪಿನ್ನಿಗೆ, ಕೇಳುವ ಪಿನ್ ಕಳಿಸುವ ಪಿನ್ನಿಗೆ, ಗ್ರೌಂಡ್ ಗ್ರೌಂಡಿಗೆ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿದರೆ ಬಹುಮಟ್ಟಿಗೆ ವೇಗ ಹೊಂದಿಲ್ಲವೆಂದೇ ತಿಳಿಯಬೇಕು. ಆದರೆ ಎಚ್ಚರ ಬೇಕಾದದ್ದು ವೋಲ್ಟೇಜಿನಲ್ಲಿ. ಇಂದಿನ ಹೆಚ್ಚಿನ ಬೋರ್ಡುಗಳ ಪಿನ್ನುಗಳು 3.3 ವೋಲ್ಟ್‌ಗಾಗಿ ಮಾಡಿದವು. ಹಳೆಯ ಕಂಪ್ಯೂಟರುಗಳ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಾದರೋ ಆರ್‌ಎಸ್-232 ಪದ್ಧತಿಯದು. ಅದರ ಸಂಕೇತಗಳು ಹತ್ತು ವೋಲ್ಟನ್ನೂ ಮೀರಿ ಧನಕ್ಕೂ ಋಣಕ್ಕೂ ತೂಗಾಡಬಲ್ಲವು. ಅದನ್ನು ನೇರವಾಗಿ ಬೋರ್ಡಿಗೆ ಮುಟ್ಟಿಸಿದರೆ ಬೋರ್ಡು ಸುಟ್ಟುಹೋಗಬಹುದು. 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಕೇಬಲನ್ನೇ ಬಳಸಬೇಕು. ಬೋರ್ಡಿಗೆ ಬೇರೆ ವಿದ್ಯುತ್ ಇದ್ದರೆ ಆ ಕೇಬಲಿನ ವಿದ್ಯುತ್ ತಂತಿಯನ್ನು ಸಿಕ್ಕಿಸದೆ ಬಿಡಬೇಕು.

ಸೀರಿಯಲ್ ಕನ್ಸೋಲ್ ಇದ್ದರೆ ಬೋರ್ಡು ಎದ್ದೇಳುವ ಪ್ರತಿ ಹಂತವೂ ಕಣ್ಣಿಗೆ ಕಾಣುತ್ತದೆ. ಅನೇಕ ಬೋರ್ಡುಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಏಳುವ ಮೊದಲು ಯು-ಬೂಟ್ ಎಂಬ ಪುಟ್ಟ ತಂತ್ರಾಂಶ ಏಳುತ್ತದೆ. ಅಲ್ಲಿಯೇ ನಿಂತು, ಬೋರ್ಡಿನ ವಿಳಾಸ ಮತ್ತು ಕಂಪ್ಯೂಟರಿನ ವಿಳಾಸಗಳನ್ನು ತಿಳಿಸಿ, ಹೊಸ ಕರ್ನಲನ್ನು (ಲಿನಕ್ಸಿನ ತಿರುಳನ್ನು), ಕಡತ ಸಾಗಿಸುವ ಸರಳ ವಿಧಾನವಾದ ಟಿಎಫ್‌ಟಿಪಿ ಮೂಲಕ ಕಂಪ್ಯೂಟರಿನಿಂದ ಎಳೆದುಕೊಳ್ಳಬಹುದು. ಪ್ರತಿ ಸಲ ಮೆಮೊರಿ ಕಾರ್ಡನ್ನು ಕಿತ್ತು ಬರೆಯುವ ಶ್ರಮ ತಪ್ಪುತ್ತದೆ. ಈ ಹಂತದಲ್ಲಿ ಹೊಸಬರನ್ನು ದಿಕ್ಕು ತಪ್ಪಿಸುವ ಒಂದು ಸಂಗತಿಯಿದೆ. ಯು-ಬೂಟ್ ತನ್ನ ಆಜ್ಞೆಯೊಂದು ನಡೆಯುತ್ತಿರುವಾಗ ಮಾತ್ರ ಜಾಲದತ್ತ ಕಿವಿಗೊಡುತ್ತದೆ. ಹಾಗಾಗಿ ಕಂಪ್ಯೂಟರಿನಿಂದ ಬೋರ್ಡನ್ನು ಪಿಂಗ್ ಮಾಡಿದರೆ ಉತ್ತರ ಬರುವುದಿಲ್ಲ. ಬೋರ್ಡಿನಿಂದ ಕಂಪ್ಯೂಟರನ್ನು ಪಿಂಗ್ ಮಾಡಿದರೆ ಬರುತ್ತದೆ. ಲಿನಕ್ಸ್ ಎದ್ದ ಮೇಲೆ ಪರಿಸ್ಥಿತಿ ಕೆಲವೊಮ್ಮೆ ತಿರುಗುಮುರುಗಾಗುತ್ತದೆ: ಕಂಪ್ಯೂಟರಿನ ಕರೆಗೆ ಬೋರ್ಡು ಓಗೊಡುತ್ತದೆ, ಬೋರ್ಡಿನ ಕರೆಗೆ ಕಂಪ್ಯೂಟರು ಮೌನ. ಇದು ಫೈರ್‌ವಾಲಿನ ಕೆಲಸ. ಗೇಟ್‌ವೇ ಇಲ್ಲದ ಅಪರಿಚಿತ ಜಾಲವನ್ನು ವಿಂಡೋಸ್ ಸಾರ್ವಜನಿಕ ಸ್ಥಳದ ಜಾಲವೆಂದೇ ಎಣಿಸಿ, ಹೊರಗಿನಿಂದ ಬರುವ ಪಿಂಗನ್ನೂ, ಟಿಎಫ್‌ಟಿಪಿ ಬಳಸುವ 69ನೆಯ ಪೋರ್ಟನ್ನೂ (ಪೋರ್ಟ್ ಎಂದರೆ ಇಲ್ಲಿ ಯಂತ್ರದ ಒಂದೊಂದು ಸೇವೆಗೂ ಇರುವ ಬಾಗಿಲ ಸಂಖ್ಯೆ) ತಡೆಯುತ್ತದೆ. ಇದಕ್ಕೆ ಫೈರ್‌ವಾಲನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ನೆಗಡಿ ಬಂದರೆ ಮೂಗು ಕೊಯ್ದುಕೊಳ್ಳಬೇಕಾಗಿಲ್ಲ. ಆ ಒಂದು ಓಣಿಯಿಂದ ಬರುವ ಆ ಒಂದು ಬಗೆಯ ಕರೆಗೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಬೋರ್ಡಿಗೆ ತಂತ್ರಾಂಶ ಇಳಿಸಿಕೊಳ್ಳಲು ಅಂತರ್ಜಾಲ ಬೇಕಲ್ಲವೇ ಎಂಬ ಆಕ್ಷೇಪ ಸಹಜ. ಕಂಪ್ಯೂಟರು ತನ್ನ ಸಂಪರ್ಕವನ್ನು ಕೇಬಲಿನ ಕಡೆಗೆ ಹಂಚಬಲ್ಲದು. ವಿಂಡೋಸಿನಲ್ಲಿ ಸಂಪರ್ಕ ಹಂಚಿಕೆಯನ್ನು ಆರಿಸಿದರೆ ಆ ಕಿಂಡಿ 192.168.137.1 ಎಂಬ ವಿಳಾಸವನ್ನೂ, ಹಲವು ಲಿನಕ್ಸ್ ಕಂಪ್ಯೂಟರುಗಳಲ್ಲಿ 10.42.0.1 ಎಂಬ ವಿಳಾಸವನ್ನೂ ಪಡೆದು, ಬೋರ್ಡಿಗೆ ತಾನೇ ವಿಳಾಸ ಹಂಚುತ್ತದೆ. ಕೆಲಸ ಮುಗಿದೊಡನೆ ಹಂಚಿಕೆಯನ್ನು ನಿಲ್ಲಿಸುವುದು ಒಳ್ಳೆಯದು. ಹಂಚಿಕೆ ಚಾಲೂ ಇರುವಾಗಲೇ ಆ ಕಿಂಡಿಗೆ ಕಚೇರಿಯ ಜಾಲದ ಕೇಬಲನ್ನು ಸಿಕ್ಕಿಸಿ, ಇಡೀ ಮಹಡಿಯ ಕಂಪ್ಯೂಟರುಗಳಿಗೆ ತಪ್ಪು ವಿಳಾಸ ಹಂಚಿದ ಮಹನೀಯರೊಬ್ಬರನ್ನು ನಾನು ಬಲ್ಲೆ. ಅವರ ಹೆಸರು ಹೇಳುವುದಿಲ್ಲ, ಈ ಪತ್ರದ ಕೆಳಗೆ ಸಹಿ ಮಾಡುವವರೂ ಅವರೇ.

ಈಗ ಲೇಖನದ ಎರಡನೆಯ ಸಲಹೆಗೆ ಬರುತ್ತೇನೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ, ರೌಟರಿನ ಸಾರ್ವಜನಿಕ ವಿಳಾಸದ ಇಂಥ ಪೋರ್ಟಿಗೆ ಯಾರೇ ಬಂದು ಕದ ತಟ್ಟಿದರೂ ಅವರನ್ನು ಒಳಗಿನ ಬೋರ್ಡಿನ ಬಳಿಗೆ ಕರೆದೊಯ್ಯುವಂತೆ ರೌಟರಿಗೆ ಅಪ್ಪಣೆ ಕೊಡುವುದು. ‘ಯಾರೇ’ ಎಂಬ ಪದವನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ನನ್ನ ಮನೆಯ ಸಣ್ಣ ಬೋರ್ಡನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬುದು ಎಲ್ಲರ ಮೊದಲ ಪ್ರಶ್ನೆ. ಯಾರೂ ಹುಡುಕಬೇಕಾಗಿಲ್ಲ. ಹಳೆಯ ಬಗೆಯ ಐಪಿ ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ. ಒಂದೇ ಕಂಪ್ಯೂಟರು, ಒಂದು ಗಿಗಾಬಿಟ್ ಸಂಪರ್ಕದಿಂದ, ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು 45 ನಿಮಿಷಗಳೊಳಗೆ ತಟ್ಟಿ ನೋಡಬಹುದೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಜೀಮ್ಯಾಪ್ ಎಂಬ ತಂತ್ರಾಂಶದ ಮೂಲಕ ತೋರಿಸಿದ್ದಾರೆ. ಬೋರ್ಡನ್ನು ಹೊರಗೆ ತೆರೆದವರು ಅದರ ಲಾಗಿನ್ ದಾಖಲೆಯನ್ನು ಮರುದಿನ ತೆರೆದು ನೋಡಲಿ. ಎಲ್ಲೆಲ್ಲಿಂದಲೋ ಬಂದು ಪಾಸ್‌ವರ್ಡ್ ಊಹಿಸಿ ಹೋದವರ ಸಾಲು ಕಾಣುತ್ತದೆ.

ಊಹಿಸುವುದು ಎಷ್ಟು ಸುಲಭ ಎಂಬುದಕ್ಕೆ 2016ರ ಮಿರಾಯ್ ಪ್ರಕರಣವನ್ನು ನೆನೆದರೆ ಸಾಕು. ಕ್ಯಾಮೆರಾ, ರೌಟರ್, ವಿಡಿಯೊ ರೆಕಾರ್ಡರ್‌ಗಳಂಥ ಎಂಬೆಡೆಡ್ ಸಾಧನಗಳನ್ನೇ ಬೇಟೆಯಾಡಿದ ಆ ಕುತಂತ್ರಾಂಶ ಬಳಸಿದ್ದು ಯಾವ ಅದ್ಭುತ ವಿದ್ಯೆಯನ್ನೂ ಅಲ್ಲ. ತಯಾರಕರು ಕೊಟ್ಟು ಕಳಿಸಿದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದನ್ನು ಹಿಡಿದುಕೊಂಡು, ದೂರದಿಂದ ಲಾಗಿನ್ ಆಗುವ ಹಳೆಯ ವಿಧಾನವಾದ ಟೆಲ್‌ನೆಟ್ ಪೋರ್ಟುಗಳನ್ನು ತಟ್ಟುತ್ತಾ ಹೋಯಿತು. ಹಾಗೆ ವಶವಾದ ಸಾಧನಗಳೆಲ್ಲ ಸೇರಿ ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಕಂಪನಿಯ, ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಯ ಮೇಲೆ ಮುಗಿಬಿದ್ದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ಸಿಗದಾದವು. ಆ ಸಾಧನಗಳ ಯಜಮಾನರ ಪೈಕಿ ಹೆಚ್ಚಿನವರಿಗೆ ಏನೂ ತಿಳಿದಿರಲಾರದು. ಅವರ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು.

ಆಮೇಲೆ ಸ್ಥಿತಿ ಸ್ವಲ್ಪ ಸುಧಾರಿಸಿದೆ. ರಾಸ್ಪ್‌ಬೆರಿ ಪೈ ಬೋರ್ಡಿನ ಕಾರ್ಯಾಚರಣ ವ್ಯವಸ್ಥೆಯು 2022ರ ಏಪ್ರಿಲ್‌ನಿಂದ ಎಲ್ಲರಿಗೂ ಒಂದೇ ಆಗಿದ್ದ ಬಳಕೆದಾರರ ಹೆಸರನ್ನು ಕೈಬಿಟ್ಟು, ಮೊದಲ ಸಲವೇ ಸ್ವಂತ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಜಾಲಕ್ಕೆ ಸೇರುವ ಗೃಹಬಳಕೆಯ ಸಾಧನಗಳನ್ನು ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನು ನಿಷೇಧಿಸಿದೆ. ಆದರೂ ಹಳೆಯ ಬೋರ್ಡುಗಳು, ಹಳೆಯ ಮೆಮೊರಿ ಕಾರ್ಡುಗಳು, ಹಳೆಯ ಪಾಠಗಳು ಇನ್ನೂ ಚಲಾವಣೆಯಲ್ಲಿವೆ. ಟೆಲ್‌ನೆಟ್ಟಿನಲ್ಲಿ ಪಾಸ್‌ವರ್ಡ್ ತೆರೆದ ಕಾಗದದಂತೆ ಹೋಗುತ್ತದೆ ಎಂಬ ಕಾರಣಕ್ಕೇ 1995ರಲ್ಲಿ ಫಿನ್ಲೆಂಡಿನ ತತು ಯುಲೊನೆನ್ ಅವರು ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ರೂಪಿಸಿದರು. ಮೂವತ್ತು ವರ್ಷಗಳಾದ ಮೇಲೂ ತಮ್ಮ ಲೇಖನದಲ್ಲಿ ಟೆಲ್‌ನೆಟ್ಟಿನ ಪ್ರಸ್ತಾಪವಿರುವುದು ಖೇದದ ಸಂಗತಿ. ಎರಡೇ ಯಂತ್ರಗಳ ಜಾಲದಲ್ಲಿಯೂ ಎಸ್‌ಎಸ್‌ಎಚ್ ಬಳಸಿ, ಪಾಸ್‌ವರ್ಡಿನ ಬದಲು ಕೀಲಿಗಳ ಜೋಡಿಯಿಂದ (ಒಂದು ಗುಟ್ಟಾಗಿಡುವ ಖಾಸಗಿ ಕೀಲಿ, ಇನ್ನೊಂದು ಹಂಚಬಹುದಾದ ಸಾರ್ವಜನಿಕ ಕೀಲಿ) ಒಳಹೋಗುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಬೇಕು.

ಲೇಖಕರ ಸಲಹೆ ಇನ್ನೊಂದು ಕಾರಣಕ್ಕೂ ನಿಲ್ಲುವುದಿಲ್ಲ. ವಿಳಾಸಗಳ ಕೊರತೆಯಿಂದಾಗಿ ಅನೇಕ ಸೇವಾದಾರರು ಇಂದು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಬೇರೆ ಎತ್ತಿಡಲಾಯಿತು. ತಮ್ಮ ರೌಟರಿನ ಹೊರಗಡೆಯ ವಿಳಾಸ ಈ ಸಮೂಹದ್ದಾಗಿರುವವರು ಎಷ್ಟು ಪೋರ್ಟ್ ತೆರೆದರೂ ಹೊರಗಿನ ಕರೆ ಅವರವರೆಗೆ ಬರುವುದೇ ಇಲ್ಲ.

ಹಾಗಾದರೆ ದೂರದಲ್ಲಿರುವ ಬೋರ್ಡನ್ನು ತಲುಪುವುದು ಹೇಗೆ? ಇದಕ್ಕೆ ವಿಪಿಎನ್, ಅಂದರೆ ಅಂತರ್ಜಾಲದ ನಡುವೆಯೇ ತೋಡುವ ಖಾಸಗಿ ಸುರಂಗ, ಇದೆ. ನಾನು ಬಳಸುವುದು ವೈರ್‌ಗಾರ್ಡ್. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನಲಿನ 5.6ನೆಯ ಆವೃತ್ತಿಯಿಂದ ಇದು ಕರ್ನಲಿನ ಭಾಗವೇ ಆಗಿರುವುದರಿಂದ ಸಣ್ಣ ಬೋರ್ಡುಗಳಿಗೂ ಭಾರವಾಗದು. ಬೋರ್ಡಿಗೊಂದು, ಕಂಪ್ಯೂಟರಿಗೊಂದು ಕೀಲಿಗಳ ಜೋಡಿ ಮಾಡಿಕೊಂಡು, ಸಾರ್ವಜನಿಕ ಕೀಲಿಗಳನ್ನು ಮಾತ್ರ ಪರಸ್ಪರ ಹಂಚಿಕೊಂಡು, 10.20.0.1 ಮತ್ತು 10.20.0.2 ಎಂಬಂಥ ಹೊಸ ಖಾಸಗಿ ವಿಳಾಸಗಳನ್ನು ಕೊಟ್ಟರೆ, ನಡುವೆ ಇಡೀ ಅಂತರ್ಜಾಲವಿದ್ದರೂ ಆ ಎರಡು ಯಂತ್ರಗಳ ಪಾಲಿಗೆ ಅದೇ ಎರಡು ಮನೆಗಳ ಓಣಿ. ಮೇಜಿನ ಮೇಲೆ ಕೇಬಲಿನಿಂದ ಕಲಿತದ್ದೆಲ್ಲ ಇಲ್ಲಿ ಹಾಗೆಯೇ ಅನ್ವಯವಾಗುತ್ತದೆ. ಕೇಬಲ್ ಮೊದಲು ಎಂದು ನಾನು ಒತ್ತಿ ಹೇಳುತ್ತಿರುವುದೂ ಇದಕ್ಕಾಗಿಯೇ. ಎರಡರಲ್ಲಿ ಒಂದು ತುದಿಯಾದರೂ ಹೊರಗಿನಿಂದ ತಲುಪುವಂತಿರಬೇಕು ಎಂಬುದು ನಿಜ, ಆದರೆ ಅದು ಬೋರ್ಡಿನ ತುದಿಯಾಗಬೇಕಿಲ್ಲ. ಬೋರ್ಡು ತಾನೇ ಹೊರಗೆ ಕರೆ ಮಾಡಿ, ರೌಟರು ಆ ದಾರಿಯನ್ನು ಮರೆಯದಂತೆ 25 ಸೆಕೆಂಡುಗಳಿಗೊಮ್ಮೆ ಪುಟ್ಟದೊಂದು ಸಂಕೇತ ಕಳಿಸುತ್ತಿದ್ದರೆ ಸಾಕು. ಕೇಳುತ್ತಿರುವ ಇನ್ನೊಂದು ತುದಿಯಲ್ಲಿ, ರೂಢಿಯಂತೆ 51820ನೆಯ ಯುಡಿಪಿ ಪೋರ್ಟು ತೆರೆದಿದ್ದರೂ, ಸರಿಯಾದ ಕೀಲಿಯಿಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ತಟ್ಟಿದವರಿಗೆ ಅಲ್ಲೊಂದು ಬಾಗಿಲಿದೆಯೆಂದೂ ಗೊತ್ತಾಗುವುದಿಲ್ಲ.

ಇಲ್ಲಿಯೂ ಎಡವಿದ್ದೇನೆ, ಅದನ್ನು ಮುಚ್ಚಿಡಬಾರದು. ದೂರದಲ್ಲಿ ಇರಿಸಿದ್ದ ಬೋರ್ಡೊಂದು ವಿದ್ಯುತ್ ಹೋಗಿ ಬಂದ ಮೇಲೆ ಸಂಪರ್ಕಕ್ಕೆ ಸಿಗದಾಯಿತು. ಕೀಲಿಗಳು ಸರಿಯಿದ್ದವು, ಅಲ್ಲಿನ ಅಂತರ್ಜಾಲವೂ ಸರಿಯಿತ್ತು. ವಿಚಿತ್ರವೆಂದರೆ, ಈ ಕಡೆಯ ಕಂಪ್ಯೂಟರನ್ನು ಮರುಚಾಲನೆ ಮಾಡಿದೊಡನೆ ಬೋರ್ಡು ಸಿಕ್ಕಿತು. ಕಾರಣ ಗಡಿಯಾರದಲ್ಲಿತ್ತು. ಅನೇಕ ಅಗ್ಗದ ಬೋರ್ಡುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿರುವುದಿಲ್ಲ. ವಿದ್ಯುತ್ ಹೋಗಿ ಬಂದರೆ ಅಂಥ ಬೋರ್ಡಿನ ಕಾಲದ ಎಣಿಕೆ ಮೊದಲಿನಿಂದ ಆರಂಭವಾಗಿ, ಅದರ ಪಾಲಿಗೆ ಬಹಳ ಸಲ ಅಂದು 1970ರ ಜನವರಿ 1. ಹಳೆಯ ಸಂದೇಶವೊಂದನ್ನು ಕದ್ದಿಟ್ಟು ಮತ್ತೆ ಕಳಿಸಿ ಮೋಸಮಾಡುವುದನ್ನು ತಡೆಯಲು ವೈರ್‌ಗಾರ್ಡ್, ಹಿಂದಿನ ಪರಿಚಯ ಸಂದೇಶಕ್ಕಿಂತ ಹಳೆಯ ಹೊತ್ತನ್ನು ಹೊತ್ತು ಬಂದ ಸಂದೇಶವನ್ನು ತಿರಸ್ಕರಿಸುತ್ತದೆ. ಈ ಕಡೆಯ ಕಂಪ್ಯೂಟರು ಮರುಚಾಲನೆಯಾದಾಗ ಹಿಂದಿನ ಹೊತ್ತಿನ ನೆನಪು ಅಳಿದು, ಬೋರ್ಡನ್ನು ಒಪ್ಪಿಕೊಂಡಿತು. ಬೋರ್ಡು ಅಂತರ್ಜಾಲದಿಂದ ಸಮಯ ಕೇಳಿ ತಿದ್ದಿಕೊಳ್ಳಬಾರದಿತ್ತೇ? ಸಮಯ ಕೇಳುವ ಕರೆಯೂ ವಿಪಿಎನ್ ಸುರಂಗದ ಒಳಗಿಂದಲೇ ಹೋಗಲಿ ಎಂದು ಅತಿಜಾಣತನದಿಂದ ನಾನೇ ಏರ್ಪಾಟು ಮಾಡಿದ್ದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತೆ, ಸುರಂಗ ತೆರೆಯದೆ ಸಮಯ ಸಿಗದು, ಸಮಯ ಸಿಗದೆ ಸುರಂಗ ತೆರೆಯದು. ಸಮಯದ ಕರೆಯನ್ನು ಸುರಂಗದ ಹೊರಗಿನ ದಾರಿಗೆ ಬದಲಿಸಿ, ಕೊನೆಯ ಸಮಯವನ್ನು ಆಗಾಗ ಕಡತವೊಂದರಲ್ಲಿ ಬರೆದಿಡುವಂತೆ ಮಾಡಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಆ ಲೇಖನ ಓದಿ ಈಗಾಗಲೇ ಪೋರ್ಟ್ ತೆರೆದಿರುವವರು ಇರಬಹುದು. ಅವರು ರೌಟರಿನಲ್ಲಿ ಆ ನಿಯಮವನ್ನು ಇಂದೇ ಅಳಿಸಬೇಕು. ಸಾಧನಗಳು ತಾವಾಗಿಯೇ ಪೋರ್ಟ್ ತೆರೆಸಿಕೊಳ್ಳಲು ಬಿಡುವ ಯುಪಿಎನ್‌ಪಿ ಸೌಲಭ್ಯವನ್ನೂ ನಿಲ್ಲಿಸಬೇಕು. ತೆರೆದಿದ್ದ ಅವಧಿಯಲ್ಲಿ ಬೋರ್ಡಿನ ಪಾಸ್‌ವರ್ಡ್ ತಯಾರಕರು ಕೊಟ್ಟದ್ದೇ ಆಗಿದ್ದಲ್ಲಿ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು, ಮೆಮೊರಿ ಕಾರ್ಡಿನಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಬರೆಯಬೇಕು. ಈ ಮೂರು ಮಾತುಗಳನ್ನಾದರೂ ತಿದ್ದುಪಡಿಯ ರೂಪದಲ್ಲಿ, ಲೇಖನ ಬಂದ ಪುಟದಲ್ಲಿಯೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಲೇಖಕರು ಸರಣಿಯನ್ನು ಮುಂದುವರಿಸುವುದಾದರೆ, ಮುಂದಿನ ಕಂತು ಸೀರಿಯಲ್ ಕನ್ಸೋಲಿನ ಮೂರು ತಂತಿಗಳಿಂದ ಆರಂಭವಾಗಲಿ.

ಇತಿ ತಮ್ಮ ವಿಶ್ವಾಸಿ,
ಎಂಬೆಡೆಡ್ ತಂತ್ರಾಂಶ ಕಲಿಸುವ ಒಬ್ಬ ಓದುಗ